ನುಸಿಗೆ ಔಷಧ ಕೊಳ್ಳುವ ಮುನ್ನ ಎಲೆಯನ್ನು ನೋಡೋಣ



ಈ ಬೇಸಿಗೆಯಲ್ಲಿ ನಮ್ಮ ಸಂಘದ ಗೊಬ್ಬರ-ಔಷಧ ಮಾರಾಟ ವಿಭಾಗಕ್ಕೆ ಬಂದವರಲ್ಲಿ ಬಹಳ ಮಂದಿ ಆಡಿದ್ದು ಒಂದೇ ಮಾತು: "ನುಸಿ ಬಿದ್ದಿದೆ, ಒಳ್ಳೇದು ಏನಾದರೂ ಕೊಡಿ." ಕೆಲವರಿಗೆ ಅದು ಕಾಫಿಗೆ ಬೇಕು, ಕೆಲವರಿಗೆ ಅಡಿಕೆ ಸಸಿಗೆ, ಒಬ್ಬಿಬ್ಬರಿಗೆ ಮನೆಯಂಗಳದ ತೆಂಗಿಗೆ. ಎಲೆಯನ್ನು ಕೈಯಲ್ಲಿ ಹಿಡಿದು ತಂದವರು ಮಾತ್ರ ಬೆರಳೆಣಿಕೆಯಷ್ಟು. ನುಸಿನಾಶಕಗಳನ್ನು ಸಂಘದಿಂದ ರಿಯಾಯಿತಿ ದರದಲ್ಲಿ, ಸಾಲದ ಲೆಕ್ಕಕ್ಕೆ ಹಾಕಿ ಕೊಡಬೇಕೆಂದು ಹಲವು ಸದಸ್ಯರು ಸಹಿ ಮಾಡಿದ ಮನವಿಯೂ ಬಂದಿದೆ. ಅದು ಮುಂದಿನ ಮಹಾಸಭೆಯಲ್ಲಿ ಚರ್ಚೆಗೆ ಬರುತ್ತದೆ. ಮನವಿಯನ್ನು ಸಭೆಯ ಮುಂದಿಡುವುದು ಕಾರ್ಯದರ್ಶಿಯ ಕೆಲಸ. ಅದನ್ನು ಚಾಚೂ ತಪ್ಪದೆ ಮಾಡುತ್ತೇನೆ. ಆದರೆ ನಾನೂ ಒಂದಿಷ್ಟು ಕಾಫಿ, ಒಂದಿಷ್ಟು ಅಡಿಕೆ ಇಟ್ಟುಕೊಂಡು ಬಾಳುವವನು. ಬೆಳೆಗಾರನಾಗಿ ಈ ಮನವಿಗೆ ನನ್ನ ಸಮ್ಮತಿಯಿಲ್ಲ. ಯಾಕೆಂಬುದನ್ನು ಸಭೆಯ ಗದ್ದಲದಲ್ಲಿ ಹೇಳುವುದಕ್ಕಿಂತ ಇಲ್ಲಿ ಸಾವಧಾನವಾಗಿ ಹೇಳುವುದು ಲೇಸೆಂದು ಬರೆಯುತ್ತಿದ್ದೇನೆ.

ಮೊದಲಿಗೆ ಹೆಸರಿನ ಗೊಂದಲ. ನಮ್ಮ ಮಾತಿನಲ್ಲಿ ನುಸಿ ಎಂದರೆ ಕಣ್ಣಿಗೆ ಸರಿಯಾಗಿ ಕಾಣದ ಎಲ್ಲವೂ ಹೌದು. ಅಕ್ಕಿಗೆ ಹಿಡಿಯುವುದೂ ನುಸಿ, ಮುಸ್ಸಂಜೆ ಮುಖಕ್ಕೆ ಮುತ್ತುವುದೂ ನುಸಿ, ಮರವನ್ನು ಹಿಟ್ಟು ಮಾಡುವುದೂ ನುಸಿ. ಇವೆಲ್ಲ ಕೀಟಗಳು, ಒಂದು ದುಂಬಿ ಜಾತಿ, ಇನ್ನೊಂದು ನೊಣದ ಜಾತಿ. ಅಡಿಕೆ, ಕಾಫಿ, ತೆಂಗುಗಳ ರಸ ಹೀರುವ ನುಸಿ ಬೇರೆ ಕುಲದ್ದು. ಅದು ಜೇಡ, ಚೇಳುಗಳ ದಾಯಾದಿ. ಕೀಟಕ್ಕೆ ತಲೆ, ಎದೆ, ಹೊಟ್ಟೆ ಎಂದು ಮೂರು ಭಾಗ; ಕಾಲು ಆರು; ಕುಡಿಮೀಸೆ ಒಂದು ಜೊತೆ; ಬಹುಪಾಲಿಗೆ ರೆಕ್ಕೆ. ನುಸಿಗೆ ರೆಕ್ಕೆಯೂ ಇಲ್ಲ, ಕುಡಿಮೀಸೆಯೂ ಇಲ್ಲ, ತಲೆಯೆಂಬ ಬೇರೆ ಭಾಗವೇ ಇಲ್ಲ. ಇಡೀ ಮೈ ಒಂದೇ ಚೀಲ. ಮುಂದುಗಡೆ ಬಾಯಿಯ ಸಲಕರಣೆಗಳನ್ನು ಹೊತ್ತ ಒಂದು ಸಣ್ಣ ಚಾಚು. ಮೀಸೆಯ ಕೆಲಸವನ್ನು ಮೈಮೇಲಿನ, ಕಾಲಿನ ಮೇಲಿನ ರೋಮಗಳು ಮಾಡುತ್ತವೆ. ಬೆಳೆದದ್ದಕ್ಕೆ ಎಂಟು ಕಾಲು. ಮೊಟ್ಟೆಯಿಂದ ಹೊರಬಂದ ಮರಿಗೆ ಮಾತ್ರ ಆರೇ ಕಾಲು. ಪೊರೆ ಕಳಚಿದ ಮೇಲೆ ಎಂಟಾಗುತ್ತದೆ.

ಇದೆಲ್ಲ ಕಾಲೇಜಿನ ಪಾಠ, ತೋಟಕ್ಕೇನು ಪ್ರಯೋಜನ ಎಂದು ಕೇಳುವವರಿದ್ದಾರೆ. ಪ್ರಯೋಜನ ಬಿಲ್ಲಿನಲ್ಲೇ ಇದೆ. ಕೀಟಕ್ಕೆಂದು ತಯಾರಾದ ಎಷ್ಟೋ ಔಷಧಗಳು ನುಸಿಗೆ ತಾಗುವುದಿಲ್ಲ. ಇಂದು ಎಲ್ಲರ ಮನೆಯಲ್ಲೂ ಇರುವ ಇಮಿಡಾಕ್ಲೋಪ್ರಿಡ್ ಜಿಗಿಹುಳ, ಹೇನುಗಳಿಗೆ ಸರಿ. ಎಲೆ ತಿನ್ನುವ ನುಸಿಯನ್ನು ಅದು ಕೊಲ್ಲುವುದಿಲ್ಲ. ಸೈಪರ್‌ಮೆತ್ರಿನ್, ಡೆಲ್ಟಾಮೆತ್ರಿನ್ ಮುಂತಾದವನ್ನು ಹೊಡೆದ ತೋಟದಲ್ಲಿ ನುಸಿ ಕಡಿಮೆಯಾಗುವ ಬದಲು ಹೆಚ್ಚಾದ ಉದಾಹರಣೆಗಳು ಲೋಕದ ಎಲ್ಲ ಕಡೆಯಿಂದ ಬಂದಿವೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ನುಸಿಗಳ ಲೋಕ ಬಹಳ ದೊಡ್ಡದು. ಹೆಸರಿಟ್ಟು ವರ್ಣಿಸಿದ ಜಾತಿಗಳೇ ಐವತ್ತು ಸಾವಿರಕ್ಕೂ ಮಿಕ್ಕಿವೆ; ಇನ್ನೂ ಹೆಸರು ಕಾಣದವು ಅದರ ಹಲವು ಪಟ್ಟು ಇರಬಹುದೆಂದು ತಜ್ಞರ ಅಂದಾಜು. ನಮ್ಮ ನಾಡಿಗೆ ಈ ವಿದ್ಯೆ ಹೊಸದೂ ಅಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಡಾ. ಜಿ. ಪಿ. ಚನ್ನಬಸವಣ್ಣನವರು ಭಾರತದ ಸೂಕ್ಷ್ಮ ನುಸಿಗಳ ಮೇಲೆ 1966ರಷ್ಟು ಹಿಂದೆಯೇ ಗ್ರಂಥ ಬರೆದರು. 1986ರಲ್ಲಿ ನುಸಿಶಾಸ್ತ್ರದ ಅಂತರರಾಷ್ಟ್ರೀಯ ಸಮ್ಮೇಳನ ಸೇರಿದ್ದು ಬೆಂಗಳೂರಿನಲ್ಲಿ. ಇಷ್ಟು ವಿದ್ಯೆ ಒಂದೇ ದಿನದ ಪ್ರಯಾಣದ ದೂರದಲ್ಲಿರುವಾಗ, ನಾವು ನುಸಿಯ ವಿಷಯ ತಿಳಿಯುವುದು ಔಷಧದ ಡಬ್ಬಿಯ ಮೇಲಿನ ಚಿತ್ರದಿಂದ ಎಂಬುದು ನನಗೆ ಬೇಸರದ ಸಂಗತಿ.

ತೋಟದ ನೆಲದಲ್ಲಿ ಒಂದು ಹಿಡಿ ತರಗೆಲೆ ಎತ್ತಿದರೆ ಅದರಲ್ಲಿ ಲೆಕ್ಕವಿಲ್ಲದಷ್ಟು ನುಸಿಗಳಿರುತ್ತವೆ. ಅವುಗಳಲ್ಲಿ ಬಹಳಷ್ಟು, ಆಮೆಯಂತೆ ಗಟ್ಟಿ ಚಿಪ್ಪು ಹೊತ್ತು, ಕೊಳೆತ ಎಲೆಯನ್ನೂ ಬೂಷ್ಟನ್ನೂ ತಿಂದು ಗೊಬ್ಬರ ಮಾಡುವ ಬಡಪಾಯಿಗಳು. ಇನ್ನು ಕೆಲವು ಬೇಟೆಗಾರರು. ಜೇನಿನ ಮೇಲಿರುವ ವರ‍್ರೋವಾ ನುಸಿ, ಚರ್ಮದೊಳಗೆ ಬಿಲ ಕೊರೆದು ಕಜ್ಜಿ ತರುವ ನುಸಿ, ಹಾಸಿಗೆಯ ಧೂಳಿನ ನುಸಿ, ಮೆಣಸಿನಗಿಡದ ಎಲೆಯನ್ನು ಮುರುಟಿಸುವ ನುಸಿ, ದನದ ಕಿವಿಯೊಳಗಿನ ಉಣುಗು, ಇವೆಲ್ಲ ಒಂದೇ ಬಳಗ. ಅಚ್ಚರಿಯೆನಿಸಿದರೂ ನಿಜ: ಉಣುಗು ಎಂದರೆ ದೊಡ್ಡ ಗಾತ್ರದ ನುಸಿಯೇ. ಅದರ ವಿಷಯಕ್ಕೆ ಮತ್ತೆ ಬರುತ್ತೇನೆ.

ನಮ್ಮ ಬೆಳೆಗಳ ನುಸಿಗಳನ್ನು ನೋಡೋಣ. ಕಾಫಿಯ ಕೆಂಪು ನುಸಿಯನ್ನು ಸಿಂಹಳದ ಕಾಫಿ ತೋಟಗಳಿಂದ 1861ರಲ್ಲೇ ನೀಟ್ನರ್ ಎಂಬವರು ವರ್ಣಿಸಿದ್ದರು. ಮುಂದೆ ಚಹಾ ತೋಟಗಳಲ್ಲಿ ಇದೇ ನುಸಿ ದೊಡ್ಡ ಪೀಡೆಯಾಗಿ ಹೆಸರಾಯಿತು. ಇದರ ವಾಸ ಬಲಿತ ಎಲೆಯ ಮೇಲ್ಮೈಯಲ್ಲಿ. ನಡುನರದ ಆಸುಪಾಸಿನಲ್ಲಿ ಕೆಂಪು ಮೊಟ್ಟೆಗಳು ಸಾಸಿವೆಗಿಂತಲೂ ಎಷ್ಟೋ ಪಟ್ಟು ಚಿಕ್ಕ ಚುಕ್ಕೆಗಳಂತೆ ಕಾಣುತ್ತವೆ. ಬಾಯಿಯ ಸೂಜಿಯಿಂದ ಎಲೆಯ ಕಣ ಕಣವನ್ನೂ ಚುಚ್ಚಿ ಹಸುರನ್ನು ಹೀರಿದಾಗ ಅಲ್ಲಲ್ಲಿ ಬಿಳಿಚುಕ್ಕೆ. ಚುಕ್ಕೆಗಳು ಕೂಡಿಕೊಂಡಾಗ ಎಲೆಗೆ ತಾಮ್ರದ ಬಣ್ಣ. ನೆರಳು ತೆಗೆದ ಭಾಗದಲ್ಲಿ, ಮಣ್ಣುರಸ್ತೆಯ ಧೂಳು ಕೂರುವ ಅಂಚಿನ ಸಾಲುಗಳಲ್ಲಿ ಇದು ಮೊದಲು ಕಾಣಿಸಿಕೊಳ್ಳುತ್ತದೆ. ಒಳಗಿನ ನೆರಳಿನ ಗಿಡದಲ್ಲಿ ಹುಡುಕಿದರೂ ಸಿಗದು.

ಅಡಿಕೆಗೆ ಮುಖ್ಯವಾಗಿ ಎರಡು. ಬಿಳಿ ನುಸಿ ಎಲೆಯ ಅಡಿಯಲ್ಲಿ ಸಣ್ಣ ಬಲೆ ನೇಯ್ದು ಅದರ ಕೆಳಗೆ ಕುಟುಂಬ ಕಟ್ಟುತ್ತದೆ. ಕೆಂಪು ನುಸಿ ಬಲೆ ನೇಯುವುದಿಲ್ಲ. ಅದೂ ಎಲೆಯಡಿಯಲ್ಲೇ ಗುಂಪುಗುಂಪಾಗಿ ಇರುತ್ತದೆ. ಚಪ್ಪಟೆ ಮೈ, ಬೆನ್ನಿನ ಮೇಲೆ ಉದ್ದನೆಯ ರೋಮಗಳು, ರೋಮದ ತುದಿಯಲ್ಲಿ ಒಂದೊಂದು ಹನಿ. ಭೂತಗನ್ನಡಿಯಲ್ಲಿ ನೋಡಿದರೆ ಕುಂಕುಮದ ಹುಡಿ ಜೀವ ತಳೆದು ಓಡಾಡಿದಂತಿರುತ್ತದೆ. ಇದರ ಊಟದ ಕ್ರಮವೂ ವಿಶೇಷ. ಎಲೆ ಉಸಿರಾಡುವ ಸೂಕ್ಷ್ಮ ರಂಧ್ರಗಳಿವೆಯಲ್ಲ, ಅವುಗಳ ಮೂಲಕವೇ ಸೂಜಿ ಇಳಿಸಿ ರಸ ಹೀರುತ್ತದೆ. ಎರಡೂ ನುಸಿಗಳ ಕಾಟ ಹೆಚ್ಚಾಗಿ ಸಸಿಮಡಿಯಲ್ಲಿ ಮತ್ತು ಎಳೆಯ ಗಿಡಗಳಲ್ಲಿ. ಅದೂ ನೆರಳಿಲ್ಲದೆ ಬಿಸಿಲಿಗೆ ಒಡ್ಡಿದ ಕಡೆ. ಗದ್ದೆಯನ್ನು ತೋಟ ಮಾಡಿ, ಬಾಳೆಯನ್ನೂ ಹಾಕದೆ, ಬಯಲಿನಲ್ಲಿ ಸಸಿ ನೆಟ್ಟವರೇ ಈ ಸಲ ಹೆಚ್ಚಾಗಿ ದೂರು ತಂದವರು ಎಂಬುದನ್ನು ಯಾರನ್ನೂ ನೋಯಿಸುವ ಉದ್ದೇಶವಿಲ್ಲದೆ ಹೇಳುತ್ತೇನೆ.

ಎಲೆ ಹಳದಿಯಾದ ಕೂಡಲೇ ನುಸಿ ಎನ್ನುವುದೂ ಸರಿಯಲ್ಲ. ನೀರು ನಿಂತರೂ ಹಳದಿ, ನೀರು ಸಾಲದಿದ್ದರೂ ಹಳದಿ, ಪೋಷಕಾಂಶ ಕೊರತೆಯಾದರೂ ಹಳದಿ. ಶೃಂಗೇರಿ, ಕೊಪ್ಪ, ಸುಳ್ಯದ ಕಡೆಯ ಬೆಳೆಗಾರರನ್ನು ಬಡವರನ್ನಾಗಿ ಮಾಡಿದ ಹಳದಿ ಎಲೆ ರೋಗ ಬೇರೆಯೇ. ಅದು ಹರಡುವುದು ಜಿಗಿಹುಳದ ಮೂಲಕ, ಅದಕ್ಕೂ ನುಸಿಗೂ ಸಂಬಂಧವಿಲ್ಲ. ಆ ರೋಗ ಬಂದ ಮರಕ್ಕೆ ನುಸಿಯ ಔಷಧ ಹೊಡೆಯುವುದೆಂದರೆ ಹೊಳೆಗೆ ಹುಣಸೆಹಣ್ಣು ಕಿವುಚಿದ ಹಾಗೆ.

ಈಗ ನುಸಿಯ ಸಂಸಾರದ ಲೆಕ್ಕ. ಕಾಫಿಯ ಕೆಂಪು ನುಸಿ ಮತ್ತು ಅಡಿಕೆಯ ಬಿಳಿ ನುಸಿ ಇರುವ ಗುಂಪಿನಲ್ಲಿ ಮೊಟ್ಟೆ, ಆರು ಕಾಲಿನ ಮರಿ, ಎಂಟು ಕಾಲಿನ ಎರಡು ಹರೆಯದ ಹಂತ, ಬಳಿಕ ಪ್ರಾಯ. ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲವೂ ಕಾಲು ಮಡಚಿ, ಊಟ ಬಿಟ್ಟು, ಅಲುಗದೆ ಕುಳಿತು ಪೊರೆ ಬಿಡುತ್ತದೆ. ಬೇಸಿಗೆಯ ಕಾವಿನಲ್ಲಿ ಈ ಚಕ್ರವೆಲ್ಲ ಎರಡು ವಾರದೊಳಗೆ ಮುಗಿಯುತ್ತದೆ. ಅಡಿಕೆಯ ಕೆಂಪು ನುಸಿ ಸ್ವಲ್ಪ ನಿಧಾನಿ. ಮೂರು-ನಾಲ್ಕು ವಾರ ತೆಗೆದುಕೊಳ್ಳುತ್ತದೆ. ತೆಂಗಿನ ನುಸಿಗೆ ಒಂದು ವಾರ, ಹತ್ತು ದಿನ ಸಾಕು.

ಒಂದು ಹೆಣ್ಣಿನ ಮರಿಗಳಲ್ಲಿ ಇಪ್ಪತ್ತು ಹೆಣ್ಣು ಬದುಕುಳಿದವೆಂದು ಇಟ್ಟುಕೊಳ್ಳಿ. ಎರಡು ವಾರಕ್ಕೆ ಇಪ್ಪತ್ತು, ನಾಲ್ಕು ವಾರಕ್ಕೆ ನಾನೂರು, ಆರು ವಾರಕ್ಕೆ ಎಂಟು ಸಾವಿರ. ಫೆಬ್ರವರಿಯಲ್ಲಿ ಏನೂ ಇಲ್ಲದ ಗಿಡ ಏಪ್ರಿಲಿನಲ್ಲಿ ಸುಟ್ಟಂತೆ ಕಾಣುವುದು ಹೀಗೆ. ಅದಕ್ಕೆ ಸೇರಿ ಇನ್ನೊಂದು ಚಮತ್ಕಾರವಿದೆ. ಈ ಗುಂಪಿನ ಹೆಣ್ಣು ನುಸಿ ಗಂಡಿನ ಸಂಗವಿಲ್ಲದೆಯೂ ಮೊಟ್ಟೆಯಿಡಬಲ್ಲದು. ಅಂಥ ಮೊಟ್ಟೆಗಳಿಂದ ಗಂಡು ಮಾತ್ರ ಹುಟ್ಟುತ್ತದೆ. ಕೂಡಿದ ಮೇಲೆ ಫಲಿತ ಮೊಟ್ಟೆಗಳಿಂದ ಹೆಣ್ಣು. ಗಾಳಿಗೆ ತೂರಿಬಂದ ಒಂಟಿ ಹೆಣ್ಣೊಂದು ಹೊಸ ಗಿಡದಲ್ಲಿ ತಾನೇ ಗಂಡು ಹೆತ್ತು, ಅದರೊಂದಿಗೇ ಕೂಡಿ, ವಂಶ ಶುರುಮಾಡಬಲ್ಲದು.

ಇಲ್ಲಿಯೇ ಔಷಧದ ಸೋಲೂ ಅಡಗಿದೆ. ಗಂಡು ನುಸಿಯಲ್ಲಿ ವಂಶವಾಹಿಗಳ ಒಂದೇ ಪ್ರತಿ ಇರುವುದರಿಂದ ವಿಷವನ್ನು ತಾಳುವ ಗುಣ ಒಂದರಲ್ಲಿ ಬಂದರೆ ಅದು ಮರೆಯಾಗಿ ಉಳಿಯದೆ ಕೂಡಲೇ ಮೇಲೆ ಬರುತ್ತದೆ. ತಲೆಮಾರುಗಳೂ ಬೇಗ ಬೇಗ ಉರುಳುತ್ತವೆ. ಒಂದೇ ಔಷಧವನ್ನು ಮೇಲಿಂದ ಮೇಲೆ ಹೊಡೆದರೆ ಕೆಲವೇ ವರ್ಷಗಳಲ್ಲಿ ಅದು ನೀರಿಗೆ ಸಮ. ಮೊಟ್ಟೆಯಲ್ಲಿರುವುದಕ್ಕೂ, ಪೊರೆ ಬಿಡಲು ಮುದುಡಿ ಕುಳಿತದ್ದಕ್ಕೂ ಹಲವು ಔಷಧಗಳು ಸರಿಯಾಗಿ ತಾಗುವುದೇ ಇಲ್ಲ. ಒಂದು ಸಲ ಹೊಡೆದು, ಹತ್ತು ದಿನ ಬಿಟ್ಟು ನೋಡಿದರೆ ಮತ್ತೆ ಅಷ್ಟೇ ನುಸಿ. ಆಗ ಅಂಗಡಿಯವರನ್ನು ಬಯ್ಯುತ್ತೇವೆ. ಇನ್ನೂ ಜೋರಾದದ್ದು ಕೇಳುತ್ತೇವೆ.

ತೆಂಗಿನ ನುಸಿಯ ಕಥೆ ನಮ್ಮಲ್ಲಿ ಹಲವರ ನೆನಪಿನಲ್ಲಿದೆ. ಅದನ್ನು ಮೊದಲು 1965ರಲ್ಲಿ ವರ್ಣಿಸಿದ್ದು ಮೆಕ್ಸಿಕೋ ದೇಶದ ಗೆರೆರೋ ಸೀಮೆಯ ಕಾಯಿಗಳಿಂದ. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಾಣಿಸಿಕೊಂಡು ಸ್ವಲ್ಪ ಕಾಲದಲ್ಲೇ ನಮ್ಮ ತೆಂಗಿನ ಸೀಮೆಗಳಿಗೂ ನುಗ್ಗಿತು. ಈ ನುಸಿ ಹುಳುವಿನ ಹಾಗೆ ನೀಳ; ಉದ್ದ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಬಳಗವೆಲ್ಲ ಎಂಟು ಕಾಲಿನದ್ದಾದರೆ ಇದಕ್ಕೆ ನಾಲ್ಕೇ ಕಾಲು, ಅವೂ ಮುಂದುಗಡೆಯವು. ಉಸಿರಾಟಕ್ಕೆ ಬೇರೆ ಅಂಗವಿಲ್ಲ, ಚರ್ಮವೇ ಸಾಕು. ಎಳೆಗಾಯಿಯ ತೊಟ್ಟಿನ ಎಸಳುಗಳ ಅಡಿಯಲ್ಲಿ, ಕಾಯಿಗೆ ಅಂಟಿಕೊಂಡಂತಿರುವ ಸಂದಿನಲ್ಲಿ ಸಾವಿರಗಟ್ಟಲೆ ಇರುತ್ತವೆ. ಅಲ್ಲಿಗೆ ಹೊರಗಿನಿಂದ ಹೊಡೆದ ಹನಿ ತಲುಪುವುದೇ ಕಷ್ಟ. ಬೇರಿಗೆ ಚೀಲ ಕಟ್ಟಿ ಮೊನೊಕ್ರೋಟೊಫಾಸ್ ಉಣಿಸಿದ ಕಾಲ ಅದು. ನಂತರ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಬೇವಿನೆಣ್ಣೆ-ಬೆಳ್ಳುಳ್ಳಿ-ಸಾಬೂನಿನ ಮಿಶ್ರಣ, ಬೇವಿನ ಸಾರವನ್ನು ಬೇರಿನ ಮೂಲಕ ಕೊಡುವ ಕ್ರಮ, ಸರಿಯಾದ ಗೊಬ್ಬರ ಮತ್ತು ನೀರು ಇವನ್ನು ಹೇಳಿಕೊಟ್ಟಿತು. ನುಸಿಗೇ ರೋಗ ತರುವ ಬೂಷ್ಟೂ, ಅದನ್ನು ತಿನ್ನುವ ಬೇಟೆಗಾರ ನುಸಿಗಳೂ ನಮ್ಮ ಮರಗಳಲ್ಲಿ ಸಿಕ್ಕಿವೆ.

ಇದಕ್ಕೆ ತದ್ವಿರುದ್ಧ ದಾರಿಯಲ್ಲಿ ಹೋದದ್ದು ನಮ್ಮ ಅಡಿಕೆಯ ಕೆಂಪು ನುಸಿ. 1924ರಲ್ಲಿ ಕೊಯಮತ್ತೂರಿನ ತೆಂಗಿನ ಗರಿಯಿಂದ ಹರ್ಸ್ಟ್ ಎಂಬವರು ಇದನ್ನು ವರ್ಣಿಸಿದರು. ಎಂಬತ್ತು ವರ್ಷ ಕಾಲ ಲೋಕದಲ್ಲಿ ಇದರ ಹೆಸರು ಕೇಳಿದವರು ಕಡಿಮೆ. 2004ರಲ್ಲಿ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪಕ್ಕೆ ಹೇಗೋ ಸೇರಿತು. ಅಲ್ಲಿಂದ ದ್ವೀಪದಿಂದ ದ್ವೀಪಕ್ಕೆ ಹಾರಿ, 2007ರಲ್ಲಿ ಅಮೆರಿಕದ ಫ್ಲಾರಿಡಾ, 2009ರಲ್ಲಿ ಬ್ರೆಜಿಲ್. ತೆಂಗು ಮಾತ್ರವಲ್ಲ, ನಾವು ಅಡಿಕೆಗೆ ನೆರಳಾಗಿ ನೆಡುವ ಬಾಳೆಯನ್ನೂ ಅಲ್ಲಿ ಬಿಡಲಿಲ್ಲ. ಅದೇ ನುಸಿ, ಅದೇ ಸೂಜಿ, ಅದೇ ಹಸಿವು. ಇಲ್ಲಿ ಸಸಿಮಡಿಯ ಕಾಟವಾಗಿ ಉಳಿದದ್ದು ಅಲ್ಲಿ ಮಾರಿಯಾದದ್ದೇಕೆ? ಒಂದು ದೊಡ್ಡ ಕಾರಣ, ಇಲ್ಲಿ ಅದನ್ನು ತಿನ್ನುವವರು ಅದರ ಜೊತೆಗೇ ಬೆಳೆದು ಬಂದಿದ್ದಾರೆ. ಸಾಸಿವೆಯಷ್ಟೂ ಇಲ್ಲದ ಕಪ್ಪು ಗುಲಗಂಜಿ ಹುಳವೊಂದು ಅಡಿಕೆ ಗರಿಯಡಿಯಲ್ಲಿ ಇದೇ ನುಸಿಯನ್ನು ತಿಂದು ಜೀವಿಸುತ್ತದೆ. ವಿಜ್ಞಾನಿಗಳು ಅದಕ್ಕೆ ಕೇರಳದ ಹೆಸರನ್ನೇ ಸೇರಿಸಿ ಸ್ಟೆಥೋರಸ್ ಕೆರಾಲಿಕಸ್ ಎಂದು ಕರೆದಿದ್ದಾರೆ. ಬೇಟೆಗಾರ ನುಸಿಗಳೂ ಇವೆ. ಈ ಕಾವಲುಗಾರರಿಗೆ ಸಂಬಳವಿಲ್ಲ, ಬೋನಸ್ಸಿಲ್ಲ. ನಮ್ಮ ಪಂಪಿನಿಂದ ಮಾತ್ರ ಅಪಾಯ.

ಸೈಪರ್‌ಮೆತ್ರಿನ್ ಹೊಡೆದ ಮೇಲೆ ನುಸಿ ಹೆಚ್ಚುವುದಕ್ಕೆ ಕಾರಣವೂ ಇದೇ. ಬೇಟೆಗಾರ ನುಸಿ ಚುರುಕಾಗಿ ಎಲೆಯೆಲ್ಲ ಓಡಾಡುತ್ತದೆ, ವಿಷವನ್ನು ಮೈತುಂಬ ಮೆತ್ತಿಕೊಂಡು ಮೊದಲು ಸಾಯುತ್ತದೆ. ಪೀಡೆಯ ನುಸಿ ಮೊಟ್ಟೆಯಲ್ಲೋ ಬಲೆಯಡಿಯಲ್ಲೋ ಕುಳಿತು ಉಳಿಯುತ್ತದೆ. ಉಳಿದದ್ದಕ್ಕೆ ಶತ್ರುವಿಲ್ಲ, ಮೇಲೆ ಹೇಳಿದ ಇಪ್ಪತ್ತು, ನಾನೂರು, ಎಂಟು ಸಾವಿರದ ಲೆಕ್ಕ ಆಗ ನಿರಾತಂಕವಾಗಿ ನಡೆಯುತ್ತದೆ.

ಕಾಫಿ ಬೆಳೆಗಾರರಿಗೆ ಒಂದು ವಿನಂತಿ. ನಾಳೆ ತೋಟಕ್ಕೆ ಹೋದಾಗ ಅರೇಬಿಕಾದ ಒಂದು ಎಲೆಯನ್ನು ಮಗುಚಿ ನೋಡಿ. ನಡುನರದಿಂದ ಪಕ್ಕದ ನರಗಳು ಒಡೆಯುವ ಮೂಲೆಮೂಲೆಯಲ್ಲಿ ಸೂಜಿಮೊನೆಯಷ್ಟು ಕುಳಿಗಳು ಕಾಣುತ್ತವೆ. ಮೇಲ್ಮೈಯಲ್ಲಿ ಅಲ್ಲಿಯೇ ಸಣ್ಣ ಉಬ್ಬು. ಇದನ್ನು ರೋಗವೆಂದು ಭಾವಿಸಿ ಔಷಧ ಕೇಳಿದವರೂ ಉಂಟು. ಅದು ರೋಗವಲ್ಲ, ಗಿಡ ಕಟ್ಟಿಕೊಟ್ಟ ಮನೆ. ಆ ಕುಳಿಯಲ್ಲಿ ಬಾಡಿಗೆಗೆ ಇರುವವರು ಬಹುಮಟ್ಟಿಗೆ ನುಸಿ ತಿನ್ನುವ ನುಸಿಗಳು, ಎಲೆಯ ಬೂಷ್ಟು ಮೇಯುವ ನುಸಿಗಳು. ಒಣಗಾಳಿಯಿಂದಲೂ ಮಳೆಯ ಹೊಡೆತದಿಂದಲೂ ಅವಕ್ಕೆ ಅಲ್ಲಿ ರಕ್ಷಣೆ. ಅಲ್ಲೇ ಮೊಟ್ಟೆ, ಅಲ್ಲೇ ಪೊರೆ ಬಿಡುವುದು. ಗಿಡಕ್ಕೆ ಬಾಡಿಗೆ ಸಿಗುವುದು ಕಾವಲಿನ ರೂಪದಲ್ಲಿ. ಎಷ್ಟೋ ತಲೆಮಾರುಗಳಿಂದ ಕಾಫಿ ಬೆಳೆಯುತ್ತಿರುವ ಮನೆತನಗಳಲ್ಲೂ ಈ ಕುಳಿಗಳನ್ನು ಗಮನಿಸಿದವರು ಎಷ್ಟು ಮಂದಿಯೋ!

ಬೇಟೆಗಾರ ನುಸಿಯನ್ನು ಗುರುತಿಸುವುದು ಕಷ್ಟವಲ್ಲ. ಅದರ ಮೈ ಹೊಳಪು, ಆಕಾರ ಪೇರಳೆಯದು, ಬಣ್ಣ ಮಾಸಲು ಬಿಳಿ ಅಥವಾ ತಿಳಿ ಕಂದು, ನಡಿಗೆ ಓಟ. ಪೀಡೆಯ ನುಸಿ ಕುಳಿತಲ್ಲೇ ಕುಳಿತಿರುತ್ತದೆ, ನಡೆದರೂ ನಿಧಾನ. ಬೇಟೆಗಾರರಲ್ಲಿ ಹಲವು ಜಾತಿಗಳು ನುಸಿ ಸಿಗದ ಕಾಲದಲ್ಲಿ ಹೂವಿನ ಪರಾಗ ತಿಂದು ದಿನ ತಳ್ಳುತ್ತವೆ. ಬಗೆಬಗೆಯ ನೆರಳಿನ ಮರ, ಬೇಲಿಯ ಹೂಗಿಡ, ತುಸು ಕಳೆ ಇರುವ ತೋಟದಲ್ಲಿ ಅವು ವರ್ಷವಿಡೀ ಉಳಿಯುತ್ತವೆ. ಕಳೆನಾಶಕ ಹೊಡೆದು ಅಂಗಳದಂತೆ ಮಾಡಿಟ್ಟ ತೋಟ ಚಂದ ಕಾಣುತ್ತದೆ, ಒಪ್ಪುತ್ತೇನೆ. ಕಾವಲುಗಾರನಿಗೆ ಅಲ್ಲಿ ಊಟವಿಲ್ಲ.

ಜೇನಿನ ವರ‍್ರೋವಾ ನುಸಿಯ ವಿಷಯದಲ್ಲೂ ಇದೇ ನೀತಿ ಕಾಣುತ್ತದೆ. ನಮ್ಮ ತುಡುವೆ ಜೇನು ಅದರೊಂದಿಗೆ ಬಹುಕಾಲದಿಂದ ಬಾಳಿದೆ. ತುಡುವೆಯಲ್ಲಿ ಅದು ಗಂಡುನೊಣದ ಕೋಶಗಳಲ್ಲಿ ಮಾತ್ರ ಸಂತಾನ ಬೆಳೆಸುತ್ತದೆ, ಗೂಡು ಉಳಿಯುತ್ತದೆ. ಯುರೋಪಿನ ಜೇನಿಗೆ ಆ ಅಭ್ಯಾಸವಿಲ್ಲ, ಕೆಲಸಗಾರ ನೊಣಗಳ ಮರಿಗಳಿಗೂ ನುಗ್ಗಿ ಗೂಡನ್ನೇ ಮುಗಿಸುತ್ತದೆ.

ಉಣುಗಿನ ಮಾತಿಗೆ ಬರುತ್ತೇನೆಂದಿದ್ದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಹಿಂದೆಯೇ ಜನರೂ ಜ್ವರದಿಂದ ಸತ್ತರು. ಮಂಗನ ಕಾಯಿಲೆ ಎಂದು ಮಲೆನಾಡಿಗೆಲ್ಲ ಪರಿಚಯವಾದ ಆ ರೋಗವನ್ನು ಹೊತ್ತು ತರುವುದು ಕಾಡಿನ ಉಣುಗು. ಅದಕ್ಕೂ ಮರಿ, ಹರೆಯ, ಪ್ರಾಯ ಎಂಬ ಹಂತಗಳು. ಒಂದೊಂದು ಹಂತದಲ್ಲೂ ರಕ್ತ ಬೇಕು, ಒಂದೊಂದು ಸಲವೂ ಬೇರೆ ಪ್ರಾಣಿ. ಮನುಷ್ಯನಿಗೆ ರೋಗ ಅಂಟಿಸುವುದು ಹೆಚ್ಚಾಗಿ ಹರೆಯದ ಹಂತದ್ದು. ಅದು ಗಸಗಸೆ ಕಾಳಿನಷ್ಟಿರುವುದರಿಂದ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದರ ಸುಗ್ಗಿ ಡಿಸೆಂಬರಿನಿಂದ ಮೇ ತನಕ. ನಮ್ಮವರು ತೋಟಕ್ಕೆ ಸೊಪ್ಪು, ದರಕು ತರಲು ಬೆಟ್ಟಕ್ಕೆ ಹೋಗುವ ಸುಗ್ಗಿಯೂ ಅದೇ. ಈ ಒಂದು ಸಂಗತಿ ತಿಳಿದಿದ್ದರೆ ಕೆಲಸದವರನ್ನು ಕಳಿಸುವಾಗ ಮೈಗೆ ತೈಲ ಹಚ್ಚಿಸುತ್ತೇವೆ, ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಒಗೆತ ಎನ್ನುತ್ತೇವೆ, ಮಂಗ ಸತ್ತುಬಿದ್ದರೆ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸುತ್ತೇವೆ. ಹೊದರುಜ್ವರ ಹರಡುವ ನುಸಿಯ ರೀತಿ ಇನ್ನೂ ಬೇರೆ: ಅದರ ಆರು ಕಾಲಿನ ಮರಿ ಮಾತ್ರ ಕಚ್ಚುತ್ತದೆ, ದೊಡ್ಡದಾದ ಮೇಲೆ ಮಣ್ಣಿನಲ್ಲಿದ್ದು ಕೀಟಗಳ ಮೊಟ್ಟೆ ತಿಂದುಕೊಂಡಿರುತ್ತದೆ, ನಮ್ಮ ತಂಟೆಗೆ ಬರುವುದಿಲ್ಲ.

ಮನವಿಯ ಪರವಾಗಿರುವವರು ನನ್ನಲ್ಲಿ ಆಡಿದ ಮಾತುಗಳಿಗೂ ಉತ್ತರ ಕೊಡಬೇಕು. "ಎಲೆ ನೋಡುತ್ತ ಕೂತರೆ ತೋಟ ಕೈಬಿಡುತ್ತದೆ, ಆಳು ಸಿಕ್ಕ ದಿನ ಹೊಡೆದುಬಿಡಬೇಕು" ಎನ್ನುತ್ತಾರೆ. ಆಳಿನ ಕಷ್ಟ ನನಗೂ ಇದೆ. ಆದರೆ ಸಿಕ್ಕ ಆಳಿನ ಕೂಲಿಯನ್ನು ಸಲ್ಲದ ಔಷಧಕ್ಕೆ ಸುರಿದರೆ ಎರಡು ಕಡೆಯ ನಷ್ಟ. "ಹಿಂದೆ ಕೊಡುತ್ತಿದ್ದ ಡೈಕೋಫಾಲ್ ಚೆನ್ನಾಗಿತ್ತು, ಅದನ್ನೇ ತರಿಸಿ" ಎಂದೂ ಒಬ್ಬ ಹಿರಿಯರು ಹೇಳಿದರು. ಡಿ.ಡಿ.ಟಿ.ಯಿಂದ ತಯಾರಾಗುತ್ತಿದ್ದ ಆ ಔಷಧವನ್ನು ಕೇಂದ್ರ ಸರಕಾರ 2023ರಲ್ಲಿ ನಿಷೇಧಿಸಿದೆ. ಹಳೆಯ ಡಬ್ಬಿ ಮನೆಯಲ್ಲಿದ್ದರೆ ಬಳಸಬಾರದು. ಗಂಧಕ ಹಳೆಯ ಮದ್ದು, ಕೆಲಸ ಮಾಡುತ್ತದೆ. ಆದರೆ ಬಿರುಬಿಸಿಲಿನಲ್ಲಿ ಹೊಡೆದರೆ ಎಳೆ ಎಲೆ ಸುಡುತ್ತದೆ, ಎಣ್ಣೆಯ ಮಿಶ್ರಣ ಹೊಡೆದ ಬೆನ್ನಿಗೇ ಅದನ್ನು ಹೊಡೆಯಲೇಬಾರದು, ಕಾವಲುಗಾರ ನುಸಿಗೂ ಅದು ಅಷ್ಟಿಷ್ಟು ಪೆಟ್ಟು ಕೊಡುತ್ತದೆ. ಔಷಧವೇ ಬೇಡವೆಂದು ನಾನು ಹೇಳುತ್ತಿಲ್ಲ. ಸಸಿಮಡಿಯಲ್ಲಿ ನುಸಿ ಮಿತಿಮೀರಿದಾಗ ನುಸಿಗೆಂದೇ ಇರುವ ಔಷಧವನ್ನು ಎಲೆಯ ಅಡಿಭಾಗ ನೆನೆಯುವಂತೆ, ಬಾಧೆಯಿರುವ ಸಸಿಗಳಿಗೆ ಮಾತ್ರ ಹೊಡೆಯಬೇಕಾದೀತು. ಇಡೀ ತೋಟಕ್ಕೆ ವಾಡಿಕೆಯಂತೆ ಹೊಡೆಯುವುದಕ್ಕೆ ಸಂಘದ ಹಣ ಹೋಗಬಾರದು ಎಂಬುದಷ್ಟೇ ನನ್ನ ವಾದ.

ಔಷಧ ಮಾರಿದರೆ ಸಂಘಕ್ಕೆ ಲಾಭಾಂಶ ಬರುತ್ತದೆ ಎಂಬುದು ಲೆಕ್ಕ ಬರೆಯುವ ನನಗೆ ಗೊತ್ತಿಲ್ಲದ್ದೇನಲ್ಲ. ಮಾರಾಟಕ್ಕೆ ತಕ್ಕಂತೆ ಬಹುಮಾನದ ಆಸೆ ತೋರಿಸುವ ಪ್ರತಿನಿಧಿಗಳೂ ಕಚೇರಿಗೆ ಬಂದು ಹೋಗುತ್ತಾರೆ. ಸದಸ್ಯನ ಸಾಲದ ಪುಸ್ತಕದಲ್ಲಿ ಏರಿದ್ದೇ ಸಂಘದ ಲಾಭದ ಪುಸ್ತಕದಲ್ಲಿ ಏರಿದರೆ ಅದು ಯಾರ ಲಾಭ?

ಆದ್ದರಿಂದ ಮಹಾಸಭೆಯ ಮುಂದೆ ನಾನು ಇಡಬಯಸುವ ಬದಲಿ ಸಲಹೆ ಹೀಗಿದೆ. ರಿಯಾಯಿತಿಗೆ ಎತ್ತಿಡುವ ಹಣದಲ್ಲಿ ಸಣ್ಣ ಪಾಲಿನಿಂದ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಜೇಬಿನ ಭೂತಗನ್ನಡಿಗಳನ್ನು ಕೊಂಡು, ಊರಿಗೊಬ್ಬರಂತೆ ಆಸಕ್ತಿಯಿರುವ ಯುವಕ ಯುವತಿಯರ ಕೈಗೆ ಕೊಡೋಣ. ಉಳಿದ ಹಣ ಸಸಿಮಡಿಯ ನೆರಳುಬಲೆಗೆ ಸಹಾಯಧನವಾಗಿ ಹೋಗಲಿ. ವಾರದಲ್ಲಿ ಒಂದು ದಿನ, ಸಂತೆಯ ದಿನವೇ ಆಗಲಿ, ಸಂಘದ ಕಚೇರಿಯಲ್ಲಿ ಎಲೆ ನೋಡುವ ಏರ್ಪಾಡು ಮಾಡೋಣ. ಗುರುತಿಸಲಾಗದ್ದನ್ನು ಅಡಿಕೆಯಾದರೆ ವಿಟ್ಲಕ್ಕೆ, ಕಾಫಿಯಾದರೆ ಬಾಳೆಹೊನ್ನೂರಿಗೆ ಕಳಿಸಿ ಕೇಳೋಣ. ಆ ಕೇಂದ್ರಗಳು ಇರುವುದು ನಮಗಾಗಿಯೇ. ಎಲೆಯನ್ನು ನೋಡದೆ ನುಸಿಯ ಔಷಧದ ಬಿಲ್ಲು ಹರಿಯಬಾರದೆಂಬ ನಿಯಮವನ್ನು ಆಡಳಿತ ಮಂಡಳಿ ಮಾಡಲಿ. ಮೊದಮೊದಲು ಮುನಿಸು ಬರುತ್ತದೆ. ಅದನ್ನು ಕೇಳಿಸಿಕೊಳ್ಳಲು ನಾನು ಕೌಂಟರಿನಲ್ಲೇ ಇರುತ್ತೇನೆ.

ಎಲೆ ತರುವ ಕ್ರಮವನ್ನು ಇಲ್ಲಿಯೇ ತಿಳಿಸಿಬಿಡುತ್ತೇನೆ. ಗಿಡದ ಬುಡದಲ್ಲಿ ನಿಂತು ಮೊದಲು ಒಂದು ಬಿಳಿಕಾಗದವನ್ನು ಎಲೆಯ ಕೆಳಗೆ ಹಿಡಿದು ಎಲೆಯನ್ನು ಎರಡು ಮೂರು ಸಲ ತಟ್ಟಿ. ಕಾಗದದ ಮೇಲೆ ಬಿದ್ದ ಚುಕ್ಕೆಗಳು ಅರೆನಿಮಿಷದಲ್ಲಿ ನಡೆದಾಡಲು ಶುರುಮಾಡಿದರೆ ನುಸಿ ಇರಬಹುದು. ಅಲುಗದಿದ್ದರೆ ಬಹುಶಃ ಧೂಳು. ನಿಧಾನ ನಡೆಯುವ ಚುಕ್ಕೆಯನ್ನು ಬೆರಳಿನಿಂದ ಒರೆಸಿದಾಗ ಕೆಂಪು ಗೆರೆ ಮೂಡಿದರೆ ಕೆಂಪು ನುಸಿ. ಬಾಧೆ ಹೆಚ್ಚಿರುವ ಎಲೆ ಎರಡು, ಆಗತಾನೆ ಚುಕ್ಕೆ ಮೂಡಿದ್ದು ಎರಡು, ಚೆನ್ನಾಗಿರುವುದು ಒಂದು, ಹೀಗೆ ಐದು ಎಲೆ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಕೊಳೆಯುತ್ತದೆ. ಹಳೆಯ ಪತ್ರಿಕೆಯ ಹಾಳೆಯಲ್ಲಿ ಸಡಿಲವಾಗಿ ಸುತ್ತಿ, ಬೆಳಗಿನ ಹೊತ್ತು ಕಿತ್ತದ್ದನ್ನು ಅದೇ ದಿನ ತನ್ನಿ. ಯಾವ ದಿನ ಏನು ಹೊಡೆದಿದ್ದಿರಿ ಎಂಬುದನ್ನು ಕಾಗದದ ಮೇಲೆಯೇ ಬರೆದಿದ್ದರೆ ಇನ್ನೂ ಅನುಕೂಲ.